ಬಾನೆಟ್ ಮೇಲಿನ ಅರಿಸಿನದ ಕೈ

ನಮ್ಮ ಕಾರೂ ನನ್ನ ಮೈದುನನ ಕಾರೂ ಒಂದೇ ಕಂಪನಿಯವು, ಒಂದೇ ಬಿಳಿ ಬಣ್ಣದವು. ಅರಸೀಕೆರೆಯಲ್ಲಿ ನಮ್ಮದು ಒಂದು ಬೀದಿ, ಅವರದು ಪಕ್ಕದ ಬೀದಿ. ಎರಡೂ ಬಿಳಿಯಾಗಿದ್ದಷ್ಟು ದಿನ, ದೇವರ ದಯದಿಂದ, ನನ್ನ ಮನಸ್ಸೂ ನೆಮ್ಮದಿಯಾಗಿತ್ತು.

ಹೋದ ವರ್ಷ ಆಯುಧಪೂಜೆ ಹತ್ತಿರ ಬರುತ್ತಿದ್ದಾಗ ಮೈದುನ ಕಾರನ್ನು ಹಾಸನಕ್ಕೆ ಒಯ್ದು ಮೈತುಂಬ ಕೆಂಪು ಸ್ಟಿಕ್ಕರ್ ಸುತ್ತಿಸಿಕೊಂಡು ಬಂದ. ಬಣ್ಣ ಬಳಿಯುವುದಲ್ಲವಂತೆ, ತೆಳು ಹಾಳೆಯನ್ನು ಬಿಸಿಗಾಳಿಯಲ್ಲಿ ಕಾಯಿಸಿ, ಎಳೆದು ಅಂಟಿಸುವುದಂತೆ. ಹೊಳಪಿಲ್ಲದ ಕೆಂಪು, ಭರಣಿಯೊಳಗಿನ ಕುಂಕುಮದ ಹಾಗೆ. ತಲೆಯ ಮೇಲೆ ಕಪ್ಪು, ಕಾಲಿಗೆ ಹೊಸ ಅಲಾಯ್ ಚಕ್ರ. ಅಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಹಿಂದಿನ ಗಾಜಿನ ಮೇಲೆ ದುಂಡನೆಯ ಬಿಳಿ ಅಕ್ಷರಗಳಲ್ಲಿ ‘ಅಮ್ಮನ ಆಶೀರ್ವಾದ’ ಎಂದು ಬರೆಸಿದ್ದರು.

ಅಮ್ಮ ಎಂದರೆ ನಮ್ಮತ್ತೆ. ಅತ್ತೆ ಇರುವುದು ನಮ್ಮ ಮನೆಯಲ್ಲಿ. ಅವರಿಗೆ ಬಿಸಿನೀರು ಕಾಯಿಸುವವಳು, ಮೊಣಕಾಲಿಗೆ ಎಣ್ಣೆ ತಿಕ್ಕುವವಳು, ಮುದ್ದೆಯನ್ನು ಮೆತ್ತಗೆ ತಿರುವಿ ಬಡಿಸುವವಳು ನಾನು. ಆಶೀರ್ವಾದ ಮಾತ್ರ ಮೈದುನನ ಗಾಜಿನ ಮೇಲೆ!

ವಾರಗಿತ್ತಿ ಅತ್ತೆಯ ಕೈ ಹಿಡಿದು ಕಾರಿಗೆ ಒಂದು ಪ್ರದಕ್ಷಿಣೆ ಹಾಕಿಸಿದಳು. ಅತ್ತೆಯ ಕಣ್ಣಿಗೆ ಪೊರೆ ಬಂದಿದೆ, ದೂರದ್ದು ಕಾಣದು. ಬಾಗಿಲನ್ನು ಸವರಿ, “ರೇಸ್ಮೆ ಸೀರೆ ಉಡಿಸ್ದಂಗೈತೆ ಕಣವ್ವಾ,” ಎಂದರು.

“ನೀವು ಕೂತ್ರೇನೇ ಅತ್ತೆ ಇದಕ್ಕೆ ಲಕ್ಷಣ. ಈ ಸಲ ಬೇಲೂರಿಗೆ ಇದ್ರಲ್ಲೇ ಬನ್ನಿ,” ಎಂದಳು ವಾರಗಿತ್ತಿ.

ಹಬ್ಬ ಕಳೆದ ಮೇಲೆ ಎರಡೂ ಮನೆಯವರು ಬೇಲೂರಿನ ಕೇಶವನ ದರ್ಶನಕ್ಕೆ ಒಟ್ಟಿಗೆ ಹೋಗುವುದು ನಮ್ಮ ವಾಡಿಕೆ. ಅತ್ತೆ ಯಾವಾಗಲೂ ದೊಡ್ಡ ಮಗನ ಕಾರಿನಲ್ಲಿ, ನನ್ನ ಪಕ್ಕದಲ್ಲಿ ಕೂರುತ್ತಿದ್ದರು. ವರ್ಷವಿಡೀ ಮಾಡಿದ ಸೇವೆಗೆ ನಾಲ್ಕು ಜನರಿಗೆ ಕಾಣುವ ಗುರುತು ಎಂದರೆ ನನಗೆ ಅದೊಂದೇ. “ಆಗ್ಲಿ ಬತ್ತೀನಿ,” ಎಂದು ಅತ್ತೆ ತಲೆಯಾಡಿಸಿದರು. ಅದೂ ಹೋಯಿತು.

ಮನೆಗೆ ಬಂದು ಯಜಮಾನರಿಗೆ, “ನಮ್ಮ ಕಾರಿಗೂ ಏನಾದ್ರೂ ಮಾಡ್ಸಿ ರೀ,” ಎಂದೆ.

“ಏನು ಮಾಡ್ಸೋದೇ? ಬ್ರೇಕ್ ಹಿಡಿಯುತ್ತೆ, ಹಾರನ್ ಕೂಗುತ್ತೆ.”

“ಹಿಂದಿನ ಗಾಜಿಗಾದ್ರೂ ಒಂದು ಮಾತು ಬರ್ಸಿ.”

“‘ಹಾರನ್ ಬೇಡ, ಒಳಗೆ ನನ್ನ ಹೆಂಡ್ತಿ ಇದಾಳೆ’ ಅಂತ ಬರ್ಸ್ಲಾ?”

ಅವರನ್ನು ನಂಬಿ ಕೂರಲಿಲ್ಲ. ಆಯುಧಪೂಜೆಯ ದಿನ ನಾನೇ ಕೈ ಹಾಕಿದೆ. ಬರೀ ಅರಿಸಿನವಾದರೆ ಬೀದಿಗೆ ಎದ್ದು ಕಾಣದೆಂದು ಒಂಚೂರು ಸುಣ್ಣ ಬೆರೆಸಿ, ಕೆಂಪಗೆ ಕಲಸಿ, ಬಾನೆಟ್ಟಿನ ಮೇಲೆ ಎರಡೂ ಅಂಗೈ ಒತ್ತಿದೆ. ಪೂಜೆಗೆ ಇಟ್ಟದ್ದನ್ನು ನಾವಾಗಿ ಒರೆಸಬಾರದು, ತಾನಾಗೇ ಹೋಗಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಬಟ್ಟೆ ಹಿಡಿದು ಬಂದ ಯಜಮಾನರನ್ನೂ ಹತ್ತಿರ ಬಿಡಲಿಲ್ಲ. ಅದು ಬಿಸಿಲಿಗೆ ಕಾದು ಕಾದು, ಹೋಗುವ ಬದಲು ಉಳಿದೇಬಿಟ್ಟಿತು. ಆಮೇಲೆ ಸೋಪು, ಸೀಗೆಪುಡಿ, ಸೀಮೆಎಣ್ಣೆ, ಯಾವುದಕ್ಕೂ ಜಗ್ಗಲಿಲ್ಲ. ಬಿಳಿ ಬಾನೆಟ್ಟಿನ ಮೇಲೆ ಇಟ್ಟಿಗೆ ಬಣ್ಣದ ಎರಡು ಕೈ.

“ಉಪ್ಪಿನಕಾಯಿ ತಿಂದು ಕೈ ಒರೆಸ್ದಂಗಿದೆ,” ಎಂದರು ಯಜಮಾನರು.

ವಾರಗಿತ್ತಿ ಬಗ್ಗಿ ನೋಡಿ, “ಅಕ್ಕಾ, ಇದನ್ನೂ ಹಾಸನದಲ್ಲೇ ಮಾಡಿಸಿದ್ರಾ?” ಎಂದಳು.

ಬೇಲೂರಿಗೆ ಹೊರಟ ದಿನ ಅತ್ತೆ ಕೆಂಪು ಕಾರು ಹತ್ತಿದರು. ಜಾವಗಲ್, ಹಳೇಬೀಡು ದಾಟುವವರೆಗೂ ನನ್ನ ಕಣ್ಣ ಮುಂದೆ ‘ಅಮ್ಮನ ಆಶೀರ್ವಾದ’. ನನ್ನ ಪಕ್ಕದ ಸೀಟಿನಲ್ಲಿ ಪುಳಿಯೋಗರೆಯ ಡಬ್ಬಿ.

ದೇವಸ್ಥಾನದಲ್ಲಿ ಸಾಲು ಉದ್ದವಿರಲಿಲ್ಲ, ಅದೊಂದು ಪುಣ್ಯ. ನಮ್ಮ ಕಾರಿಗೂ ಕೆಂಪು ಕೊಡು ಎಂದು ಕೇಶವನನ್ನು ಕೇಳಲು ನಾಚಿಕೆಯಾಯಿತು. ಈ ಹೊಟ್ಟೆಕಿಚ್ಚು ತೆಗಿಯಪ್ಪಾ ಎಂದು ಕೇಳಲೂ ಮನಸ್ಸು ಬರಲಿಲ್ಲ. ಬರುವಾಗಲಾದರೂ ಅತ್ತೆ ನನ್ನ ಪಕ್ಕ ಕೂರಲಿ ಎಂದಷ್ಟೇ ಬೇಡಿಕೊಂಡೆ.

ದರ್ಶನ ಮುಗಿದು ನಾವಿಬ್ಬರು ಸೊಸೆಯರು ಚಪ್ಪಲಿ ಹುಡುಕುತ್ತಿದ್ದೆವು. ಬಿಸಿಲಿಗೆ ಸ್ಟಿಕ್ಕರ್ ಏಳುತ್ತದೆಂದು ಮೈದುನ ತನ್ನ ಕಾರನ್ನು ದೂರದ ಮರದ ನೆರಳಿಗೆ ಒಯ್ದು ನಿಲ್ಲಿಸಿದ್ದ. ನಮ್ಮದು ಇಳಿದ ಜಾಗದಲ್ಲೇ, ಬೇರೆ ಬಿಳಿ ಕಾರುಗಳ ಸಾಲಿನಲ್ಲಿ, ಬಿಸಿಲು ಕಾಯುತ್ತಿತ್ತು. ಯಜಮಾನರು ಸೆಕೆ ಹೋಗಲೆಂದು ಬಾಗಿಲು ತೆರೆದಿಟ್ಟಿದ್ದರು. ನಾವು ಹೋಗಿ ನೋಡಿದರೆ, ಕೋಲೂರಿಕೊಂಡು ಮೊದಲೇ ಹೊರಟಿದ್ದ ಅತ್ತೆ ನಮ್ಮ ಕಾರಿನೊಳಗೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ! ಡಬ್ಬಿ ಅವರ ತೊಡೆಯ ಮೇಲಿತ್ತು.

“ಅತ್ತೆ, ನಮ್ಮ ಕಾರು ಆ ಕಡೆ,” ಎಂದಳು ವಾರಗಿತ್ತಿ.

“ಅದೆಲ್ಲಿ ಹೋಯ್ತೋ, ಕಾಣ್ಲಿಲ್ಲ. ಇದ್ರ ಕೈ ಕಾಣ್ತು, ಬಂದ್ ಕೂತ್ಕಂಡೆ. ಇನ್ ಯಾರು ಎದ್ದಾರು, ಮಂಡಿ ನೋಯ್ತದೆ.”

ನಾನು ಆಚೆ ಬಾಗಿಲಿನಿಂದ ಹತ್ತಿ ಪಕ್ಕದಲ್ಲಿ ಕೂತೆ. ಪ್ರೀತಿಯಿಂದ ಬಂದದ್ದಲ್ಲ, ಕಲೆ ಕಂಡು ಬಂದದ್ದು. ಇರಲಿ. ದೇವರು ಕೊಟ್ಟದ್ದನ್ನು ತಿರುಗಿಸಿ ಮುರುಗಿಸಿ ನೋಡಬಾರದು.

ಹಳೇಬೀಡು ದಾಟಿದ ಮೇಲೆ ಮೈದುನ ನಮ್ಮನ್ನು ಹಿಂದೆ ಹಾಕಿ ಮುಂದೆ ಹೋದ.

“ಕೆಂಪಗೆ ಅದೇನೇ ಹೋಗಿದ್ದು?” ಎಂದರು ಅತ್ತೆ.

“ನಿಮ್ಮ ಚಿಕ್ಕ ಮಗನ ಕಾರು.”

“ಏನ್ ಚೆಂದಾಗೈತೆ ಕಣವ್ವಾ ಅದು!”

ಧೂಳು ಬರುತ್ತದೆಂದು ನಾನು ಕಿಟಕಿಯ ಗಾಜು ಏರಿಸಿದೆ.

ಈ ಸಲ ಹಬ್ಬಕ್ಕೆ ಮುಂಚೆ ಪಾಲಿಷ್ ಮಾಡಿಸಿ ಕಲೆ ತೆಗೆಸೋಣ ಎನ್ನುತ್ತಿದ್ದಾರೆ ಯಜಮಾನರು. ಬೇಲೂರಿಗೆ ಹೋಗಿ ಬರುವ ತನಕ ಅದನ್ನು ಮುಟ್ಟಕೂಡದು ಎಂದಿದ್ದೇನೆ.