ಒತಕರ್‌ನ ಅಳತೆ ಮೇಜು

ಓಲೊಮೌತ್ಸ್ ಊರಾಚೆಯ ಪಾಳು ಇಟ್ಟಿಗೆ ಕಾರ್ಖಾನೆಯ ಬಾಗಿಲಲ್ಲಿ, ಆಡಲು ಬಂದವರ ಬಂದೂಕುಗಳನ್ನು ಅಳೆಯುವ ಮೇಜಿನ ಹಿಂದೆ ನಿಂತ ಒತಕರ್, ಆಟಗಾರ್ತಿ ಮಿಲಾಡಾಳ ಹೊಸ ಆಟದ ಬಂದೂಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಪ್ಲಾಸ್ಟಿಕ್ ಗುಂಡು ಹಾರಿಸುವ, ಬ್ಯಾಟರಿಯ ಗಿಡ್ಡ ಸಬ್‌ಮಷಿನ್ ಗನ್ ಅದು. ಗುಂಡಿನ ವೇಗ ಮಿತಿ ಮೀರಿದರೆ ಅವಳು ಕಟ್ಟಡದೊಳಗೆ ಆಡುವಂತಿಲ್ಲ; ಅವಳ ತಂಡವೆಲ್ಲ ಆಡುವುದು ಒಳಗೇ. ಒತಕರ್ ಪೆಟ್ಟಿಗೆಯ ಮೇಲೆ ಅಚ್ಚಾದ ವೇಗವನ್ನು ನಂಬುವುದಿಲ್ಲ, ಆಟಗಾರರ ಗುಂಡುಗಳನ್ನು ಹೊರಗೆ ಸುರಿದು ತೂಕ ಗೊತ್ತಿರುವ ತನ್ನ ಜೇಬಿನವನ್ನೇ ತುಂಬುತ್ತಾನೆ, ಸ್ವಂತ ಹೆಂಡತಿ ಆಡಲು ಬಂದರೆ ಅವಳ ಬಂದೂಕನ್ನಂತೂ ಎರಡೆರಡು ಸಲ ಅಳೆಯುತ್ತಾನೆ. “ಏನಣ್ಣಾ, ನನ್ ಮೇಲೆ ನಂಬ್ಕೆ ಇಲ್ವಾ?” ಎಂದಳು ಮಿಲಾಡಾ. “ನಿನ್ನ ನಂಬ್ತೀನಮ್ಮ, ಒಳಗಿರೋ ಸ್ಪ್ರಿಂಗನ್ನ ನಂಬಲ್ಲ” ಎಂದ. ಅದು ನಿಜ, ಮನುಷ್ಯರ ಮಾತನ್ನು ಅವನು ನಂಬುತ್ತಾನೆ. ಈ ಆಟದಲ್ಲಿ ಗುಂಡು ತಗುಲಿದವರು ತಾವೇ ಕೈಯೆತ್ತಿ ಹೊರಬರಬೇಕು, ಗುರುತೇನೂ ಉಳಿಯುವುದಿಲ್ಲ. “ಅವ್ನು ಸುಳ್ಳ, ತಗುಲಿದ್ದು ನಾನೇ ನೋಡ್ದೆ” ಎಂದು ಯಾರಾದರೂ ದೂರು ತಂದರೆ, “ಇಲ್ಲ ಅಂದ್ನಲ್ಲ, ಮುಗೀತು, ಹೋಗಿ ಆಡು” ಎನ್ನುತ್ತಾನೆ ಒತಕರ್. ಹೋದ ವರ್ಷ ತಾನೇ ಹತ್ತಿರದಿಂದ ಹೊಡೆದಾಗ ಎದುರಾಳಿಯೊಬ್ಬ ತಗುಲಿಲ್ಲ ಎಂದರೂ ತಲೆಯಾಡಿಸಿ ಒಪ್ಪಿಕೊಂಡು, ಪಂದ್ಯವನ್ನೇ ಸೋತಿದ್ದ. ಮಿಲಾಡಾಳ ಬಂದೂಕನ್ನು ಮತ್ತೆ ಮತ್ತೆ ಹಾರಿಸಿ ನೋಡಿದರೂ ಅಳೆಯುವ ಯಂತ್ರ ಮಿತಿಗಿಂತ ತುಸು ಹೆಚ್ಚೇ ತೋರಿಸಿತು. ಒತಕರ್ ಬಂದೂಕಿನ ನಳಿಗೆಗೆ, ಹೊರಗೆ ಮಾತ್ರ ಎಂಬ ಗುರುತಿಗೆ, ಕೆಂಪು ಪಟ್ಟಿ ಸುತ್ತಿದ. ಮಿಲಾಡಾ ಆ ದಿನ ಹೊರಗಿನ ಅಂಗಳದಲ್ಲಿ, ಪರಿಚಯವಿಲ್ಲದವರ ತಂಡದಲ್ಲಿ ಆಡಿದಳು.