ಕಾಕಾ ಬಡಿದ ರೊಟ್ಟಿ

ಜೋಳದ ರೊಟ್ಟಿ ಹಂಚಿಗೆ ಹತ್ತಿ ಸೀದ ವಾಸನೆ ಬಂದರೆ ಸಾಕು, ಮೂಡಲಗಿಯ ನಮ್ಮ ಅಡುಗೆಮನೆ ಕಣ್ಣಿಗೆ ಕಟ್ಟುತ್ತದೆ. ನಿಮಗೂ ಅಂಥ ಮನೆಯೊಂದು ಇದ್ದಿರಬೇಕು, ಈಗ ವಾಸನೆಯಲ್ಲಷ್ಟೇ ಉಳಿದದ್ದು. ಇಂಗ್ರೇಜರ ಆಳಿಕೆ ಇನ್ನೂ ಇದ್ದ ದಿನಗಳು. ಅಪ್ಪನ ತಮ್ಮ ಅಪ್ಪಣ್ಣ ಕಾಕಾ ಗೋಕಾಕದಲ್ಲಿ ಕೆಲಸಕ್ಕಿದ್ದವನು ಸೆರೆ ಕುಡಿಯುವ ಚಟಕ್ಕೆ ಬಿದ್ದು ಕೆಲಸ ಕಳೆದುಕೊಂಡ. ನಮ್ಮದು ಜೈನರ ಮನೆ. ಅಪ್ಪ ಅವನ ಹೆಸರು ಎತ್ತಗೊಡುತ್ತಿರಲಿಲ್ಲ. ನನ್ನ ಅಜ್ಜಿ, ನಾವು ಆಯಿ ಎನ್ನುತ್ತಿದ್ದೆವು, ತಾನೇ ಬಂಡಿ ಕಟ್ಟಿಸಿಕೊಂಡು ಹೋಗಿ ಅವನನ್ನು ಕರೆತಂದಳು. ಬುದ್ಧಿ ಹೇಳಲಿಲ್ಲ, ಆಣೆ ಹಾಕಿಸಲಿಲ್ಲ. ಸಂಜೆಗೆ ಅವನಿಗೆ ಕುಡಿಯುವ ಬಯಕೆ ಏಳುವ ಹೊತ್ತಿಗೆ ಸರಿಯಾಗಿ ಹಿಟ್ಟಿನ ಬುಟ್ಟಿ ಮುಂದಿಟ್ಟಳು. “ನನ್ನ ರಟ್ಟಿ ನೋಯಾಕತ್ಯಾವ ಅಪ್ಪಣ್ಣಾ. ಇನ್ನ ಮ್ಯಾಲ ರೊಟ್ಟಿ ನೀನ ಬಡಿ.” ಗಂಡಸು ರೊಟ್ಟಿ ಬಡಿಯುವುದೆಂದರೆ! ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವನ ಕೈಯಲ್ಲಿ ರೊಟ್ಟಿ ಹರಿದವು, ಸೀದವು. ನಾವು ಅವನ್ನೇ ತಿಂದೆವು.

ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ. ಒಂದು ಸಂತೆಯ ದಿನ ಅಡುಗೆಗೆ ಎಣ್ಣೆ ತರಲು ಹೋದ ಕಾಕಾ ಹೊತ್ತು ಇಳಿದರೂ ಬರಲಿಲ್ಲ. ಅವ್ವ ಹಿಟ್ಟಿಗೆ ಕೈಹಾಕಲು ಹೋದರೆ ಆಯಿ ತಡೆದಳು. “ಅದು ಅವನ ಕೆಲಸ. ಬರ್ತಾನ.” ಅಪ್ಪ ಸಿಟ್ಟಾದ. “ಕುಡುಕನ ಸಲುವಾಗಿ ಹುಡುಗರನ್ನ ಉಪಾಸ ಕೆಡವತೀಯೇನು?” ಆಯಿ ಹಿಟ್ಟಿನ ಬುಟ್ಟಿಗೆ ಅರಿವೆ ಮುಚ್ಚಿದಳು. ಎಲ್ಲರೂ ಹಸಿದೇ ಮಲಗಿದೆವು. ಬೆಳಗ್ಗೆ ಮಣ್ಣಾದ ಧೋತರದಲ್ಲಿ ಬಂದ ಕಾಕಾ, ಮುಟ್ಟದೆ ಇಟ್ಟ ಹಿಟ್ಟನ್ನು ಕಂಡು “ಯಾರೂ ಉಂಡಿಲ್ಲೇನ?” ಎಂದು ನನ್ನನ್ನು ಕೇಳಿದ. ಇಲ್ಲವೆಂದೆ. ಹೊಸ್ತಿಲಲ್ಲೇ ನಿಂತ. ಒಳಗಿನಿಂದ ಆಯಿ, “ಎಸರು ಕಾದೈತಿ, ಕೈ ತೊಳಕೊಂಡು ಬಾ” ಎಂದಳಷ್ಟೆ. ಅವನು ಬಡಿದ ರೊಟ್ಟಿಯನ್ನು ಅಪ್ಪನೂ ತಿಂದ. ಕಾಕಾ ಆಮೇಲೂ ತಪ್ಪಿದ, ಆಯಿ ಆಗಲೂ ಕಾದಳು. ತಪ್ಪುವುದು ಯಾವಾಗ ನಿಂತಿತೋ ನಮ್ಮ ಗಮನಕ್ಕೇ ಬರಲಿಲ್ಲ. ಅಷ್ಟೊತ್ತಿಗೆ ಅವನ ರೊಟ್ಟಿ ಅವ್ವನವಕ್ಕಿಂತ ತೆಳುವಾಗಿದ್ದವು.

ಮುಂದೆ ಕಾಕಾ ಹುಕ್ಕೇರಿಯಲ್ಲಿ ಮದುವೆಯಾಗಿ ಅಲ್ಲೇ ಒಕ್ಕಲುತನಕ್ಕೆ ನಿಂತ. ಆಯಿ ಹೋದಳು, ಅಪ್ಪ ಅವ್ವ ಹೋದರು, ಮೂಡಲಗಿಯ ಮನೆಯನ್ನು ಕೊಂಡವರು ಕೆಡವಿ ಬೇರೆ ಕಟ್ಟಿಕೊಂಡರು. ಕಾಕಾ ತೀರಿಕೊಂಡಾಗ ನಾನು ಹುಕ್ಕೇರಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಕೂತವರಿಗೆ ಅವನ ಮಗ ಹೇಳುತ್ತಿದ್ದ: “ನಮ್ಮಪ್ಪ ಹುಟ್ಟಿದಾಗಿಂದ ಸೆರಿ ಮುಟ್ಟಿದವರಲ್ರಿ.” ಬಂದವರು ಖರೆ ಎಂದು ತಲೆಯಾಡಿಸಿದರು. ಹಾಗಲ್ಲವೆಂದು ಬಲ್ಲವಳು ಅಲ್ಲಿ ನಾನೊಬ್ಬಳೇ ಉಳಿದಿದ್ದೆ. ನಾನೂ ತಲೆಯಾಡಿಸಿದೆ.