ಪ್ಲೇಗಿನ ವಾರ ಬಾಲವಾಡಿಗೆ ಹೋದವರು

ಸೋಮವಾರ, 26 ಸೆಪ್ಟೆಂಬರ್ 1994, ಬೆಳಗ್ಗೆ ಆರು ಮುಕ್ಕಾಲು. ಹಾಲು ತರಲು ಹೋಗಿದ್ದ ಭಾವ ಮೂಗು ಬಾಯಿಗೆ ಕರ್ಚೀಫು ಕಟ್ಟಿಕೊಂಡು ವಾಪಸು ಬಂದರು. ಬಾಗಿಲು ತೆಗೆದ ಅಮ್ಮ ಅಳಿಯನ ಗುರುತು ಹಿಡಿಯದೆ, ಚೀರಿ, ಬಾಗಿಲನ್ನು ಮತ್ತೆ ದಢಾರನೆ ಮುಚ್ಚಿದರು.

"ಅತ್ತೇ, ನಾನು ಮಾರಾಯ್ರೆ! ಹಾಲು ಬೇಕಾ ಬೇಡ್ವಾ?"

ಸೂರತ್ತಿನ ಪ್ಲೇಗಿನ ಹೆದರಿಕೆ ಡೊಂಬಿವಲಿಯ ನಮ್ಮ ಮನೆಯನ್ನು ಹೊಕ್ಕದ್ದು ಹೀಗೆ. ಅಲ್ಲಿಂದ ಜನ ರೈಲು ತುಂಬ ಮುಂಬಯಿ ಕಡೆ ಬರುತ್ತಿದ್ದಾರೆ, ಕಲ್ಯಾಣದ ಔಷಧಿ ಅಂಗಡಿಗಳಲ್ಲಿ ಮಾತ್ರೆ ಮುಗಿದಿದೆ ಎಂದು ಭಾವ ಹೇಳಿದರು. ಅವರು ಠಾಣೆಯ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಊರಿನ ಸುದ್ದಿಯೆಲ್ಲ ಇಡ್ಲಿಯ ಜೊತೆ ಅವರ ಮುಂದೆ ಹಾದುಹೋಗುತ್ತಿತ್ತು.

ಹಾಗಾದರೆ ಅಕ್ಕನ ಮಗಳನ್ನು ಬಾಲವಾಡಿಗೆ ಕಳಿಸುವುದೇ, ಬೇಡವೇ?

ಮೂರು ವರ್ಷದ ಈ ಹುಡುಗಿ ಮಾತು ಕಲಿತದ್ದು ತಡ. ಜೂನ್‌ನಲ್ಲಿ ಬಾಲವಾಡಿ ಸೇರಿದಾಗ ಅವಳಲ್ಲಿ ಇದ್ದದ್ದು ನಾಲ್ಕು ಮಾತು: ಅಮ್ಮ, ನೀರು, ಬೇಡ, ಮತ್ತು ಕಾಗೆಗೆ ಅವಳೇ ಇಟ್ಟ ಒಂದು ಹೆಸರು. ಹೊಸ ಮಾತು ಕೇಳಿದ ದಿನವೇ ನಾನು ಡೈರಿಯಲ್ಲಿ ಗುರುತು ಹಾಕುತ್ತಿದ್ದೆ. ಗಣಪತಿ ಹಬ್ಬದ ಹೊತ್ತಿಗೆ ಲೆಕ್ಕ ಮೂವತ್ತೊಂದಕ್ಕೆ ಏರಿತ್ತು, ಬಹುಪಾಲು ಮರಾಠಿ. ಅಮ್ಮನಿಗೆ ಅದೊಂದು ಸಣ್ಣ ಬೇಸರ. ಅಕ್ಕನಿಗಾದರೋ, ಮಗಳು ಚೀನೀ ಭಾಷೆ ಆಡಿದ್ದರೂ ಹಬ್ಬವೇ. ಆದರೆ ಎರಡು ಮಾತನ್ನು ಅವಳು ಒಮ್ಮೆಯೂ ಜೋಡಿಸಿರಲಿಲ್ಲ. ಮಕ್ಕಳ ನಡುವೆ ಬಿಡಿ, ಮನೆಯಲ್ಲಿ ಕೂರಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಈಗ ಕೂರಿಸಿದರೆ ತೆರೆದ ಬಾಯಿ ಮತ್ತೆ ಮುಚ್ಚಿಬಿಟ್ಟರೆ ಎಂಬುದೇ ಅಕ್ಕನ ಭಯ.

"ಮಾತು ಬರುವ ವರ್ಷಕ್ಕಾದ್ರೂ ಬಂದೀತು. ಜೀವ ಹೋದ್ರೆ ಬರ್ತದಾ?" ಎಂದರು ಅಮ್ಮ.

"ಬಾಲವಾಡಿ ಇರೂದು ನಮ್ಮ ಬಿಲ್ಡಿಂಗಿನ ಕೆಳಗೆ ಅಮ್ಮ, ಸೂರತ್ತಲ್ಲಿ ಅಲ್ಲ," ಎಂದಳು ಅಕ್ಕ.

"ನಾನು ದಿನಾ ಲೋಕಲಲ್ಲಿ ಊರಿನವರ ಉಸಿರೆಲ್ಲ ಕುಡಿದು ಬರ್ತೇನೆ. ನನ್ನನ್ನೂ ಮನೇಲೇ ಕೂರಿಸಿ," ಎಂದರು ಭಾವ.

"ನಿಮ್ಮನ್ನು ಕೂರಿಸಿದ್ರೆ ಹಾಲು ತರೂದು ಯಾರು?" ಎಂದರು ಅಮ್ಮ.

ಸೋಮವಾರದ ನನ್ನ ಟಿಪ್ಪಣಿ: ಕಳಿಸುವುದು ಎರಡು, ಬೇಡ ಒಂದು, ನನ್ನ ಮತ ಯಾರೂ ಕೇಳಲಿಲ್ಲ. ಮಂಗಳವಾರ ಬೆಳಗಾಗುವಷ್ಟರಲ್ಲಿ ಮೂವರೂ ಪಕ್ಷ ಬದಲಿಸಿದ್ದರು. ಅಮ್ಮ ಕರ್ಪೂರದ ಗಂಟನ್ನು ಮಗುವಿನ ಫ್ರಾಕಿಗೆ ಪಿನ್ನು ಹಾಕಿ ಸಿಕ್ಕಿಸಿ "ಹೋಗಲಿ" ಎನ್ನುತ್ತಿದ್ದರು. ಅಕ್ಕ ಅದನ್ನು ಬಿಚ್ಚಿ "ಬೇಡ" ಎನ್ನುತ್ತಿದ್ದಳು.

ನಮ್ಮ ಮಹಡಿಯಲ್ಲಿ ಬಾಲವಾಡಿಯ ಮಕ್ಕಳು ಆರು. ಎಲ್ಲ ಮನೆಗಳ ಬಾಗಿಲೂ ಒಂದೇ ಉದ್ದನೆಯ ಗ್ಯಾಲರಿಗೆ ತೆರೆಯುತ್ತಿದ್ದವು. ಒಂಬತ್ತಕ್ಕೆ ಸರಿಯಾಗಿ ಆರೂ ಬಾಗಿಲು ಒಂದು ಗೇಣು ತೆರೆದು, ಆರು ತಾಯಂದಿರ ಮೂಗು ಹೊರಗೆ ಬರುತ್ತಿತ್ತು. ಮೊದಲು ಕಳಿಸಲು ಧೈರ್ಯವಿಲ್ಲ, ತಾವೊಬ್ಬರೇ ಹೆದರಿದವರೆನಿಸಿಕೊಳ್ಳಲು ಮನಸ್ಸಿಲ್ಲ.

"ಏನ್ರೀ ಅಕ್ಕಾರ, ನಿಮ್ಮ ಹುಡುಗಿ ಹೊಂಟಳೇನ್ರೀ?" ಎಂದು ಪಕ್ಕದ ಮನೆಯ ವಿಜಯಪುರದವರು ಕೇಳುವರು.

"ನಿಮ್ಮವನು?"

"ನಿಮ್ಮಾಕಿ ಹೋದ್ರ ಕಳಸ್ತೀವ್ರಿ."

"ನಿಮ್ಮವನು ಹೋದ್ರೆ ನಾವೂ ಕಳಿಸ್ತೇವೆ."

ಆರೂ ಬಾಗಿಲು ಮುಚ್ಚುತ್ತಿದ್ದವು. ಕೆಳಗೆ ಬಾಲವಾಡಿಯ ಟೀಚರು, ಎಲ್ಲರೂ 'ಬಾಯಿ' ಎಂದು ಕರೆಯುವವರು, ಗಂಟೆ ಬಾರಿಸಿ, ಯಾರೂ ಬಾರದಿದ್ದರೂ ಬೆಳಗಿನ ಪ್ರಾರ್ಥನೆಯನ್ನು ಒಬ್ಬರೇ ಹಾಡುತ್ತಿದ್ದರು. ಅದು ಮೇಲಿನವರೆಗೂ ಕೇಳುತ್ತಿತ್ತು. ಅಕ್ಕನ ಮಗಳು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು. ಬುಧವಾರ ಹೊಸ ಮಾತು ಸೊನ್ನೆ, ಹಳೆಯದರಲ್ಲೂ ಕೇಳಿಸಿದ್ದು "ಬೇಡ" ಒಂದೇ. ಆ ರಾತ್ರಿ ಅಕ್ಕ ಊಟ ಮಾಡಲಿಲ್ಲ.

ಗುರುವಾರ ಗಂಟೆ ಬಾರಿಸಿದಾಗ ನಾನು ಸ್ನಾನದಲ್ಲಿದ್ದೆ. ಹೊರಬಂದು ನೋಡಿದರೆ ನಮ್ಮ ಬಾಗಿಲು ಹಾರುಹೊಡೆದಿದೆ, ಮಗು ಇಲ್ಲ. ಗ್ಯಾಲರಿಯ ಆ ತುದಿಯಿಂದ ಬಾಗಿಲು ಬಡಿಯುವ ಸದ್ದು, ಜೊತೆಗೆ ಒಂದು ಕಿರುಚುದನಿ:

"ಶಾಳೇತ ಚಲಾ! ಶಾಳೇತ ಚಲಾ!"

ಶಾಲೆಗೆ ಬನ್ನಿ ಎಂದು ಅವಳು ಕರೆಯುತ್ತಿದ್ದಳು. ಎರಡು ಮಾತು, ಜೋಡಿಸಿ! ನಾನು ಒದ್ದೆ ಕೂದಲಲ್ಲೇ ಓಡಿದೆ. ಐದೂ ಬಾಗಿಲು ತೆರೆದವು, ಐದೂ ಮಕ್ಕಳು ತಾಯಂದಿರ ಕಂಕುಳ ಕೆಳಗಿನಿಂದ ನುಸುಳಿ ಅವಳ ಹಿಂದೆ ಮೆಟ್ಟಿಲಿಳಿದರು. ಒಬ್ಬನ ಕಾಲಲ್ಲಿ ಅಪ್ಪನ ಚಪ್ಪಲಿ, ಒಬ್ಬಳ ಕೈಯಲ್ಲಿ ಅರ್ಧ ಚಪಾತಿ. ಹಿಂದಿನಿಂದ ಕರ್ಚೀಫು, ಸೆರಗು, ಟವೆಲು ಬೀಸುತ್ತ ದೊಡ್ಡವರು. ವಿಜಯಪುರದವರು ಓಡುತ್ತಲೇ, "ನೋಡ್ರಿ, ನಿಮ್ಮಾಕಿನ ಮೊದಲ ಹ್ವಾದಳು!" ಎಂದು ನಕ್ಕರು.

ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. "ಕೇಳಿದ್ಯಾ? ಏನಂದ್ಳು? ಇನ್ನೊಮ್ಮೆ ಹೇಳು," ಎಂದು ನನ್ನಿಂದಲೇ ಮೂರು ಸಲ ಹೇಳಿಸಿದಳು. ಆಮೇಲೆ ಎದ್ದು ಹೋಗಿ, ಮಕ್ಕಳನ್ನು ಕೋಣೆಯ ಬದಲು ಗಾಳಿಯಾಡುವ ಟೆರೇಸಿನಲ್ಲಿ ಕೂರಿಸುವಂತೆ ಬಾಯಿಯವರನ್ನು ಒಪ್ಪಿಸಿದಳು. "ನಾಳೆಯೂ ಬರ್ತಾಳೆ," ಎಂದಳು. ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಜ್ವರ ಬರಲಿಲ್ಲ.

ಒಂದು ವಿಷಯ ಮಾತ್ರ ನನ್ನ ಲೆಕ್ಕಕ್ಕೆ ಸಿಕ್ಕಿಲ್ಲ. ನಮ್ಮ ಬಾಗಿಲ ಚಿಲಕ ಅಕ್ಕನಿಗೇ ತುದಿಗಾಲಲ್ಲಿ ಎಟುಕುವಷ್ಟು ಎತ್ತರದಲ್ಲಿತ್ತು. ಅಮ್ಮ ಭಾವನ ಕಡೆ ಬೆರಳು ತೋರಿಸುತ್ತಾರೆ, ಭಾವ ಅಮ್ಮನ ಕಡೆ. ಅಕ್ಕ ಸುಮ್ಮನೆ ನಗುತ್ತಾಳೆ. ಆ ಗುರುವಾರ ಗ್ಯಾಲರಿಯಲ್ಲಿ ಮೂಗು ಹೊರಗಿಟ್ಟು ನಿಂತಿದ್ದವರು ಯಾರಾದರೂ ಇದನ್ನು ಓದಿದರೆ, ನಮ್ಮ ಬಾಗಿಲು ತೆಗೆದ ಕೈ ಯಾರದೆಂದು ದಯವಿಟ್ಟು ನನಗೆ ಬರೆದು ತಿಳಿಸಿ.